ಚೈತ್ರಶ್ರೀ ಕಟ್ಟುವುದನ್ನು ಬಿಟ್ಟಳು

ಚೈತ್ರಶ್ರೀ ನನ್ನ ಅಕ್ಕ ಅಂಜಮ್ಮನ ಮಗಳು. ಜಗಳೂರು ಕಡೆಯ ಹಳ್ಳಿ. ಈಗ ಹದಿನೈದು ವರ್ಷ, ಒಂಬತ್ತನೇ ಕ್ಲಾಸು. ಓದಿನಲ್ಲಿ ಹಿಂದೆ. ಆದರೆ ಅವಳು ಜೋಡಿಸಿ ನಿಲ್ಲಿಸಿದ್ದು ಬೀಳುತ್ತಿರಲಿಲ್ಲ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಮೂಟೆ ಹೊರುವವನು. ಅವಳಿಗೆ ಎಂಟು ವರ್ಷವಿದ್ದಾಗ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಪ್ಲಾಸ್ಟಿಕ್ ಬ್ಲಾಕ್ಸಿನ ಒಂದು ಡಬ್ಬಿ ಒಯ್ದಿದ್ದೆ. ಎರಡು ದಿನದ ಆಟ ಅಂದುಕೊಂಡಿದ್ದೆ. ನಾನು ಉಂಡು ಕೈ ತೊಳೆಯುವಷ್ಟರಲ್ಲಿ ಅಂಗೈಯಷ್ಟು ಮಂಚ ಮಾಡಿ, ಅದರ ಮೇಲೆ ಮಾಮ ಅಂತ ಒಂದು ಬ್ಲಾಕಿನ ಗೊಂಬೆಯನ್ನೂ ಮಲಗಿಸಿದ್ದಳು. ಅವರ ಊರಿನ ಗುಡ್ಡದ ಮೇಲೆ ಕರೆಂಟ್ ಮಾಡುವ ಗಾಳಿ ಫ್ಯಾನುಗಳಿವೆ. ಅವಳಪ್ಪ ನಾಗೇಂದ್ರಪ್ಪ ಅಲ್ಲೇ ವಾಚ್‌ಮನ್. ಮರುವರ್ಷ ಅಂಥದೇ ಫ್ಯಾನು ಕಟ್ಟಿ, ನಡುವೆ ಪೆನ್ನಿನ ಕಡ್ಡಿ ತೂರಿಸಿದಳು. ಊದಿದರೆ ತಿರುಗುತ್ತಿತ್ತು. ಆಮೇಲೆ ಹೋದಾಗೆಲ್ಲ ಒಂದು ಡಬ್ಬಿ. ಆರು ವರ್ಷದಲ್ಲಿ ಒಂದು ಅಕ್ಕಿ ಚೀಲ ತುಂಬಿತು.

ಹುಡುಗಿ ಏಳನೇ ಕ್ಲಾಸಿಗೆ ಬಂದ ಮೇಲೆ ಮಾತು ಶುರುವಾದವು. ಹದಿಮೂರು ವರ್ಷದವಳಿಗೆ ಅಂದದ್ದಕ್ಕೆ ಅಂಗಡಿಯವನು ನಕ್ಕ. ಅವನ ಜೊತೆ ಜಗಳವಾಡಿದೆ. ಅಕ್ಕ, ಅದರ ಬದಲು ಒಂದು ಚೂಡಿದಾರ ತಾ ಅಂದಳು. ನಾಗೇಂದ್ರಪ್ಪನ ಅಕ್ಕ ದುರುಗಕ್ಕ ಆ ಮನೆಗೆ ಹಿರಿಯಳು. ಅವಳು ಎಲ್ಲರ ಮುಂದೆ, “ಗಂಡನ ಮನೀಗೂ ಈ ಚೀಲ ಹೊರಿಸಿ ಕಳಿಸ್ತೀಯೇನೋ ಸಿದ್ದೇಶಿ?” ಅಂದಳು. ಹಟಕ್ಕೆ ಬಿದ್ದು ಮುಂದಿನ ಸಲ ಇನ್ನೂ ದೊಡ್ಡ ಡಬ್ಬಿ ಒಯ್ದೆ.

ಹೋದ ವರ್ಷ ಬೇಸಿಗೆಯ ಮೊದಲಲ್ಲಿ ಹುಡುಗಿ ದೊಡ್ಡವಳಾದಳು. ಹಸಿ ಸೊಪ್ಪಿನ ಗುಡ್ಲು ಹಾಕುವುದು ಸೋದರಮಾವನ ಕೆಲಸ. ಬೇವಿನ ಕೊಂಬೆ, ತೆಂಗಿನ ಗರಿ ತಂದು ಅಂಗಳದಲ್ಲಿ ಹಾಕುತ್ತಿದ್ದೆ. ಅವಳು ಯಾರನ್ನೂ ಮುಟ್ಟದಂತೆ ದೂರ ನಿಂತು, “ಮಾಮ, ಆ ಮೂಲೆ ಗೂಟ ಓರೆ ಐತೆ. ಗಾಳಿ ಬಂದ್ರೆ ಆ ಕಡೀಗೇ ಬೀಳ್ತೈತೆ” ಅಂದಳು. ಕಿತ್ತು ಮತ್ತೆ ನೆಟ್ಟೆ.

ಒಂಬತ್ತು ದಿನ ಒಬ್ಬಳೇ ಅದರೊಳಗೆ ಕೂರಬೇಕು. ಸ್ಕೂಲಿಲ್ಲ, ಗೆಳತಿಯರಿಲ್ಲ. ಚೀಲ ಕೊಡು ಮಾಮ ಎಂದು ಮೆಲ್ಲಗೆ ಕೇಳಿದಳು. ಯಾರೂ ಇಲ್ಲದಾಗ ಒಳಗೆ ತಳ್ಳಿ ಚನ್ನಗಿರಿ ಬಸ್ಸು ಹತ್ತಿದೆ. ತಪ್ಪು ನನ್ನದೇ. ಗುಡ್ಲಿಗೆ ಹೋದದ್ದು ಮನೆಗೆ ಬರುವುದಿಲ್ಲ ಅನ್ನುವುದು ನನಗೂ ಗೊತ್ತಿತ್ತು. ಆಟದ ಸಾಮಾನಿಗೆ ಯಾರು ಮೈಲಿಗೆ ನೋಡುತ್ತಾರೆ ಅಂದುಕೊಂಡೆ.

ಆರತಿಯ ದಿನ ಬಂದು ಬಗ್ಗಿ ನೋಡಿದರೆ ಒಳಗೆ ಗುಡ್ಡವೇ ಇತ್ತು. ಸುತ್ತಿ ಹತ್ತುವ ದಾರಿ, ಅಪ್ಪ ಕೂರುವ ಶೆಡ್ಡು, ಮೇಲೆ ಏಳು ಫ್ಯಾನು. ಆರು ವರ್ಷದ್ದೆಲ್ಲ ಅದರಲ್ಲಿತ್ತು. “ಮುಟ್ಟಬ್ಯಾಡ ಮಾಮ, ಇನ್ನೊಂದು ಫ್ಯಾನ್ ತಿರುಗಾದು ಬಾಕಿ ಐತೆ” ಅಂದಳು.

ನೀರು ಹಾಕಿದರು, ಸೀರೆ ಉಡಿಸಿದರು, ಆರತಿ ಆಯಿತು. ಅವಳು ಉಂಡ ತಟ್ಟೆ, ಲೋಟ ಹುಣಸೆಹಣ್ಣು ಹಚ್ಚಿ ತೊಳೆದು ಒಳಗೆ ಒಯ್ದರು. ಗುಡ್ಲು ಸುಡುವುದೂ ಮಾವನೇ. ಮೊದಲು ಅವಳ ಸಾಮಾನು ತೆಗೆಯಲು ಬಗ್ಗಿದೆ. ದುರುಗಕ್ಕ ಅಡ್ಡ ಬಂದಳು. “ಗುಡ್ಲಾಗಿದ್ದದ್ದು ಗುಡ್ಲು ಜೊತೀಗೇ ಹೋಗ್ಬೇಕು. ನಾಳೆ ಹುಡುಗೀಗೆ ಏನಾರ ಆದ್ರೆ ನೀನು ಬರ್ತೀಯಾ?”

ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಕ್ಕ ತಲೆ ತಗ್ಗಿಸಿದಳು. ಚೈತ್ರ ನನ್ನ ಪಕ್ಕಕ್ಕೆ ಬಂದು ನನಗಷ್ಟೇ ಕೇಳುವ ಹಾಗೆ ಅಂದಳು: “ತಟ್ಟೆ ತೊಳ್ದು ಒಳಗೆ ತಗಂಡ್ರಲ್ಲ ಮಾಮ. ಇದನ್ನೂ ತೊಳೀಬೋದಲ್ಲ?”

ಟೀಗೆ ಸಕ್ಕರೆ ಕಮ್ಮಿಯಾದರೆ ಹೋಟೆಲಿನವನ ಕಾಲರ್ ಹಿಡಿದವನು ನಾನು. ಅವತ್ತು ಸಿಟ್ಟು ಬರಲಿಲ್ಲ. ಏನಾರ ಆದ್ರೆ ಅನ್ನುವ ಒಂದು ಮಾತಿಗೆ ಹೆದರಿದೆ. ಕಡ್ಡಿ ಗೀರಿದೆ. ಒಣಗಿದ ಬೇವು ಚಟಚಟ ಹತ್ತಿತು, ಆಮೇಲೆ ಪ್ಲಾಸ್ಟಿಕ್ಕಿನ ಕಪ್ಪು ಹೊಗೆ. ಅವಳು ಅಳಲಿಲ್ಲ. ಹೋಳಿಗೆ ಬಡಿಸಿದರು, ಉಂಡೆವು. ಕರಗಿ ನೆಲಕ್ಕೆ ಅಂಟಿದ ಮುದ್ದೆಯನ್ನು ನಾಗೇಂದ್ರಪ್ಪ ಮರುದಿನ ಗುದ್ದಲಿಯಿಂದ ಎಬ್ಬಿಸಿದನಂತೆ.

ಎರಡು ತಿಂಗಳಾದ ಮೇಲೆ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಡಬ್ಬಿ ಒಯ್ದೆ. ಎರಡೂ ಕೈಯಲ್ಲಿ ತೆಗೆದುಕೊಂಡು ಅಟ್ಟದ ಮೇಲಿಟ್ಟಳು. ದೀಪಾವಳಿಗೆ ಹೋದಾಗಲೂ ಅದರ ಟೇಪು ಬಿಚ್ಚಿರಲಿಲ್ಲ. ಇನ್ನೊಂದು ಒಯ್ದೆ, ಅದನ್ನು ಪಕ್ಕದ ಮನೆ ಕೂಸಿಗೆ ಕೊಟ್ಟಳಂತೆ. ಹುಡುಗಿಗೆ ಈಗ ಬುದ್ಧಿ ಬಂದಿದೆ, ಕೂರಿಸಿದ ಕಡೆ ಕೂರುತ್ತಾಳೆ, ಇನ್ನು ತರಬೇಡ ಎಂದು ಅಕ್ಕ ಸಮಾಧಾನದಿಂದ ಹೇಳಿದಳು. ಬೈಯಲು ಬಾಯಿ ತೆರೆದೆ. ಏನಂತ ಬೈಯಲಿ, ಕಡ್ಡಿ ಗೀರಿದವನು ನಾನು.

ಹೋದ ತಿಂಗಳು ಅಂಗಡಿ ಮುಂದೆ ಬಹಳ ಹೊತ್ತು ನಿಂತು, ಬರಿಗೈಲಿ ಬಸ್ಸು ಹತ್ತಿದೆ. ಅವಳು ಜಗುಲಿಯಲ್ಲಿ ಜೋಳ ಕೇರುತ್ತಿದ್ದಳು. ತರಲೋ ಬೇಡವೋ ನೀನೇ ಹೇಳಿಬಿಡು ಎಂದು ಕೇಳಿದೆ.

“ತಂದ್ರೆ ಕಟ್ಟಬೇಕು ಅನ್ನಿಸ್ತೈತೆ ಮಾಮ. ಕಟ್ಟಿ ಎಲ್ಲಿ ಇಡ್ಲಿ?”

“ನಾನು ಇದೀನಲ್ಲವ್ವ” ಅಂದೆ.

ಅವಳು ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಮೊರ ಎತ್ತಿಕೊಂಡಳು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಇನ್ನು ಒಯ್ಯುವುದಿಲ್ಲ.