ಸಿಗದ ಕೊನೆಯ ಕಂತು

ಬಿ.ಸಿ.ರೋಡಿನಲ್ಲಿ ಹಳೆ ಪುಸ್ತಕ ಮಾರುತ್ತಿದ್ದ ಆ ಮುದುಕನ ಮೇಲೆ ನನಗೆ ಮೊದಲ ದಿನದಿಂದಲೇ ಗುಮಾನಿ. ಅರುವತ್ತರ ದಶಕದ ಆರಂಭ ಅದು. ಭಾನುವಾರ ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಗೋಣಿ ಹಾಸಿ, ತಗಡಿನ ಟ್ರಂಕು ತೆರೆದಿಟ್ಟು ಕೂರುತ್ತಿದ್ದ. ಮಾಸಪತ್ರಿಕೆಗಳು, ರಟ್ಟು ಹರಿದ ಕಾದಂಬರಿಗಳು, ಒಳಪುಟದ ಹೆಸರು ಉಜ್ಜಿ ಅಳಿಸಿದ ಪುರಾಣಗಳು. ಕದ್ದ ಮಾಲಲ್ಲದಿದ್ದರೆ ಹೆಸರು ಯಾಕೆ ಅಳಿಸಬೇಕು? ಕೇಳಿಯೇಬಿಟ್ಟೆ.

"ಕೊಟ್ಟವರಿಗೂ ನಾಚಿಕೆ ಅಂತ ಒಂದು ಉಂಟಲ್ಲ ಮಾರಾಯ್ರೆ" ಎಂದ. ಇಂಥ ಕಾಗೆ ಹಾರಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೆ.

ನಮಗೆ ಬೇಕಿದ್ದದ್ದು ಒಂದೇ ಒಂದು ಸಂಚಿಕೆ. ಅಪ್ಪನಿಗೆ ಧಾರಾವಾಹಿಯ ಹುಚ್ಚು. ಪತ್ರಿಕೆಯಿಂದ ಕಂತುಗಳನ್ನು ಬಿಡಿಸಿ, ದಬ್ಬಣದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದರು. ಕಣ್ಣು ಮಂಜಾದ ಮೇಲೆ ಅಕ್ಕ ಓದಿ ಹೇಳುತ್ತಿದ್ದಳು. ಒಂದು ಧಾರಾವಾಹಿಯ ಕೊನೆಯ ಕಂತು ಮಾತ್ರ ನಮ್ಮ ಗುರುವಾಯನಕೆರೆಗೆ ಬರಲೇ ಇಲ್ಲ.

ಅಕ್ಕ ಮದುವೆಯಾಗಿ ಹೆಚ್ಚು ಕಾಲವಾಗುವ ಮೊದಲೇ ಗಂಡನನ್ನು ಕಳೆದುಕೊಂಡು ಮನೆಗೆ ಮರಳಿದವಳು. ಆಮೇಲೆ ಬಾವಿಕಟ್ಟೆ, ಹಟ್ಟಿ ಬಿಟ್ಟರೆ ಎಲ್ಲಿಗೂ ಹೋದವಳಲ್ಲ. ನಾನೋ ಕತೆ ಓದದ ಪ್ರಾಣಿ. ಯಾವ ಕಂತೆಂದು ಗುರುತಿಸಲು ಅವಳೇ ಬೇಕು. ಅಪ್ಪ ಒಲ್ಲದ ಮನಸ್ಸಿನಿಂದ ಹೇಳಿದರು: "ಕರಕೊಂಡು ಹೋಗು. ಆದರೆ ಅದು ಸಿಕ್ಕುವವರೆಗೆ ಮಾತ್ರ. ಆಮೇಲೆ ಅವಳಿಗೆ ಪೇಟೆ ತಿರುಗುವ ಕೆಲಸ ಇಲ್ಲ."

ಬಸ್ಸಿನಲ್ಲಿ ಅಕ್ಕ ಕಿಟಕಿ ಬಿಟ್ಟುಕೊಡುತ್ತಿರಲಿಲ್ಲ. ಎದುರು ಬರುವ ಬಸ್ಸುಗಳ ಬೋರ್ಡನ್ನು ಮೆಲ್ಲಗೆ ಓದುತ್ತಿದ್ದಳು: ಮೂಡುಬಿದಿರೆ, ಬೆಳ್ತಂಗಡಿ, ಮಂಗಳೂರು. ಭಾನುವಾರಗಳು ಕಳೆದವು, ಕಂತು ಸಿಗಲಿಲ್ಲ. "ಬರುವ ವಾರ ನೋಡುವ" ಎಂಬ ಒಂದೇ ಮಾತು ಮುದುಕನದು. ನಮ್ಮ ಗರಜು ತಿಳಿದು ಇವನು ಬೇಳೆ ಬೇಯಿಸಿಕೊಳ್ಳುತ್ತಿದ್ದಾನೆ, ಸಂಚಿಕೆ ಇವನಲ್ಲೇ ಉಂಟು ಎಂದು ನನಗೆ ಖಾತ್ರಿಯಾಯಿತು.

ಹಿಡಿದೇಬಿಡುವ ಎಂದು ಒಂದು ಭಾನುವಾರ ಅಕ್ಕನನ್ನು ಅಲ್ಲಿ ಬಿಟ್ಟು, ತಲೆನೋವೆಂದು ಹೇಳಿ ಎದುರಿನ ಹೋಟೆಲಿನಲ್ಲಿ ಕೂತೆ. ಕಣ್ಣು ಮಾತ್ರ ಮುದುಕನ ಕೈಯ ಮೇಲೆ. ಅವನು ಸುಮ್ಮನೆ ಎಲೆಯಡಿಕೆ ಹಾಕುತ್ತಿದ್ದ. ಅಕ್ಕ ನೇರ ಟ್ರಂಕಿನ ತಳಕ್ಕೆ ಕೈ ಹಾಕಿ, ಹುಡುಕದೆಯೇ ಒಂದು ಪತ್ರಿಕೆ ಎಳೆದಳು. ಕೊನೆಯ ಪುಟಗಳನ್ನು ತೆರೆದು, ತುಟಿ ಅಲ್ಲಾಡಿಸುತ್ತ ಓದಿದಳು. ಮುಖದಲ್ಲಿ ನಗು. ಮತ್ತೆ ಅದನ್ನು ಮೊದಲಿನ ಜಾಗಕ್ಕೇ ತುರುಕಿದಳು. ಮುದುಕ ಆಚೆ ನೋಡುತ್ತ ಅದರ ಮೇಲೆ ಒಂದು ಕಟ್ಟು ಪುರಾಣ ಇಟ್ಟ.

ಮೈಯೆಲ್ಲ ಉರಿಯಿತು. ಚಹಾ ಅರ್ಧಕ್ಕೇ ಬಿಟ್ಟು ರಸ್ತೆ ದಾಟಿದೆ. ಇಬ್ಬರೂ ಸೇರಿ ನನ್ನನ್ನು ಮಂಗ ಮಾಡಿದ್ದರು.

"ಇವತ್ತೂ ಇಲ್ಲ ಮಾರಾಯ" ಎಂದಳು ಅಕ್ಕ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಬಸ್ಸಿನಲ್ಲಿ ಅವಳು ಎಂದಿನಂತೆ ಬೋರ್ಡು ಓದಿದಳು. ಅಪ್ಪನ 'ಸಿಕ್ಕುವವರೆಗೆ ಮಾತ್ರ' ಎಂಬ ಮಾತು ನನಗೆ ಆಗ ನೆನಪಾಯಿತು.

ಮನೆಯಲ್ಲಿ ಅಪ್ಪ ಜಗಲಿಯಿಂದಲೇ ಕೇಳಿದರು. "ಸಿಕ್ಕಿತಾ?"

ಅಕ್ಕ ಬಾಯಿ ತೆರೆಯುವ ಮೊದಲೇ ನಾನು ದನಿ ಏರಿಸಿದೆ. "ಆ ಮುದುಕ ಮಹಾ ಕಳ್ಳ. ಎಲ್ಲಿಯೋ ಅಡಗಿಸಿ ಇಟ್ಟಿದ್ದಾನೆ. ನಾನು ಬಿಡುವವನಲ್ಲ. ಬರುವ ವಾರವೂ ನಾವಿಬ್ಬರು ಹೋಗ್ತೇವೆ."

ಕಾಲು ತೊಳೆಯುತ್ತಿದ್ದ ಅಕ್ಕ, ಚೆಂಬು ಹಿಡಿದುಕೊಂಡೇ ನನ್ನ ಕಡೆ ನೋಡಿದಳು.