ತಣ್ಣೀರಿಗೆ ಹೆದರಿದ ಗೋಲ್‌ಕೀಪರ್

ಗೋಲು ಕಾಯುವವರಿಗೆ ಏನೋ ಒಂದು ಹೆಸರಿದೆಯಲ್ಲ, ಗೋಲ್‌ಮ್ಯಾನ್? "ಗೋಲ್‌ಕೀಪರ್, ಅಜ್ಜಿ," ಎಂದು ಮೊಮ್ಮಗಳು ಅಳುತ್ತಲೇ ತಿದ್ದಿದಳು. ಟೆಕ್ಸಸ್‌ನ ಕೇಟಿ ಎಂಬ ಊರಿನ ಫುಟ್‌ಬಾಲ್ ಮೈದಾನದಲ್ಲಿ ಅವಳು ಆಗತಾನೇ ಐದು ಗೋಲು ಬಿಟ್ಟುಕೊಟ್ಟು ಬಂದು ಕಾರು ಹತ್ತಿದ್ದಳು.

"ಐ ಕ್ವಿಟ್! ನಿಮ್ಮ ತಾತ ಒಂದೂ ಬಿಟ್ಟಿಲ್ಲ ಅಂತೀಯಲ್ಲ."

ನೂರು ವರ್ಷದ ಹಿಂದೆ ಮೈಸೂರಿನಲ್ಲಿ ಗೋಲು ಕಾದ ತಾತನ ಬಗ್ಗೆ ಟೆಕ್ಸಸ್ ತುಂಬ ಜಂಬ ಕೊಚ್ಚಿದವಳು ನಾನೇ. ಆ ಜಂಬಕ್ಕೆ ಈಗ ಮಗು ಆಟವನ್ನೇ ಬಿಡುವುದರಲ್ಲಿತ್ತು.

"ಅದು ಸುಳ್ಳು ಕಣೇ," ಎಂದೆ. "ಚೆಂಡು ಚರ್ಮದ್ದು, ಮೈಲಿಗೆ. ಕೈಯಲ್ಲಿ ಮುಟ್ಟಿದರೆ ತಲೆಗೆ ತಣ್ಣೀರು ಸುರಿಯದೆ ತಾತನನ್ನು ಅವರಮ್ಮ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಅದಕ್ಕೆ ಹೆದರಿ ಬರೀ ಕಾಲಲ್ಲಿ ತಡೆದರು. ಮೊದಲ ಮ್ಯಾಚಲ್ಲೇ ಒಂಬತ್ತು ಗೋಲು! ಆಮೇಲೆ ತಣ್ಣೀರಿಗೆ ಒಗ್ಗಿಕೊಂಡು ಹತ್ತು ವರ್ಷ ಆಡಿದರು."

ಅವಳು ಮೂಗೊರೆಸಿಕೊಂಡು ನಕ್ಕಳು. "ನೈನ್?"

"ಒಂಬತ್ತು. ಫೋನಲ್ಲಿ ಬರೆದಿಟ್ಟುಕೋ, ಪುಟ್ಟಿ. ನಾಳೆ ಯಾರಾದರೂ ಕೇಳಿದರೆ ನಾನು ಮತ್ತೆ ಸೊನ್ನೆ ಅಂದುಬಿಡ್ತೀನಿ."