ಇಬ್ರಾದಲ್ಲಿ ವಾದಿ ಬಂದ ದಿನ

ಅಂದು ಬೆಳಿಗ್ಗೆಯೂ ಲಾಡ್ಜಿನ ಕೆಟಲಿನಲ್ಲೇ ಮೊಟ್ಟೆ ಬೇಯಿಸಿ ಗಂಡನಿಗೆ ಕೊಟ್ಟೆ. ಎಂಬತ್ತರ ದಶಕದ ಕೊನೆ. ಕಂಪೆನಿಯ ಮನೆ ಸಿಗುವವರೆಗೆ ಕೊಲ್ಲಿ ನಾಡಿನ ಇಬ್ರಾ ಎಂಬ ಊರಿನ ಆ ಅಗ್ಗದ ಲಾಡ್ಜಿನಲ್ಲಿದ್ದೆವು. ಕೆಲಸದ ಮೇಲೆ ದೂರದ ರುಸೈಲಿಗೆ ಹೊರಟ ಅವರು ಸಂಜೆಗೆ ಕಾರಿನಲ್ಲಿ ಮರಳುವವರಿದ್ದರು.

ಮಧ್ಯಾಹ್ನ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆದರೂ ಲಾಡ್ಜಿನ ಹಿಂದೆ, ಅಲ್ಲಿಯವರು ‘ವಾದಿ’ ಎನ್ನುವ ಒಣ ಹೊಳೆಯಲ್ಲಿ ನಿಲ್ಲಿಸಿದ್ದ ಪಿಕಪ್‌ಗಳನ್ನು ಊರಿನವರು ಒಂದೊಂದಾಗಿ ದಿಬ್ಬದ ಮೇಲಕ್ಕೆ ಒಯ್ಯುತ್ತಿದ್ದರು.

"ದೂರದ ಬೆಟ್ಟದಲ್ಲಿ ಮಳೆಯಂತೆ, ವಾದಿ ಬರ್ತದೆ," ಎಂದರು ಪಕ್ಕದ ಕೋಣೆಯ ಉಡುಪಿಯ ಹೆಂಗಸು. ನಾನು ನಕ್ಕೆ. ನಮ್ಮ ಮಂಗಳೂರಿನಲ್ಲಿ ಮಳೆ ಮೊದಲು ನಮ್ಮ ತಲೆಯ ಮೇಲೆ ಬೀಳುತ್ತದೆ, ಆಮೇಲೆ ಹೊಳೆ ತುಂಬುತ್ತದೆ.

ಬಟ್ಟೆ ಒಣಗುವ ಮೊದಲೇ ಕಂದು ನೀರು ಮುಳ್ಳುಕಂಟಿಗಳನ್ನೂ ಒಂದು ಖಾಲಿ ಡ್ರಮ್ಮನ್ನೂ ಉರುಳಿಸುತ್ತಾ ಬಂತು. ನನ್ನವರು ಊರ ಹೊರಗೆ ಅದೇ ವಾದಿಯನ್ನು ದಾಟಿ ಬರಬೇಕು, ಅಲ್ಲಿ ಸೇತುವೆಯಿಲ್ಲ. ಕತ್ತಲು ಕವಿದರೂ ಕಾರು ಬರಲಿಲ್ಲ. ಕೆಟಲಿನಲ್ಲಿ ಸಾರಿಗಿಟ್ಟು, ಜಪಸರ ಹಿಡಿದು ಕಿಟಕಿಯಲ್ಲೇ ನಿಂತಿದ್ದೆ.

ಉಡುಪಿಯ ಹೆಂಗಸು ನನ್ನ ಬಾಗಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಕತ್ತಲಲ್ಲಿ ನೀರಿನ ಆಳ ಗೊತ್ತಾಗುದಿಲ್ಲ ಮಾರಾಯ್ರೆ," ಎಂದರು. "ರಸ್ತೆ ಉಂಟು ಅಂತಲೇ ಎಲ್ಲರೂ ಇಳಿಯುದು. ನಿಮ್ಮ ಸಾರಿಗೆ ಎರಡು ಎಸಳು ಬೇಕಾ?"